ಖಾಲಿ ಇರಬೇಕಾದ ಗಂಟು

ಒದ್ದೆಯಾದ ತೆಂಗಿನ ನಾರಿನ ಹಗ್ಗಕ್ಕೆ ಒಂದು ವಾಸನೆಯಿದೆ. ಒಣಗಿದಾಗ ಅದು ಇರುವುದಿಲ್ಲ. ಹೋದ ತಿಂಗಳು ಎಚ್.ಡಿ. ಕೋಟೆಯ ಹತ್ತಿರದ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಇದ್ದಕ್ಕಿದ್ದಂತೆ ಮಳೆ ಬಂತು. ಅಂಗಡಿಯವನು ಹೊರಗೆ ಸುತ್ತಿಟ್ಟಿದ್ದ ಹಗ್ಗದ ಸಿಂಬಿಗಳನ್ನು ಒಳಗೆಳೆದುಕೊಳ್ಳುವಷ್ಟರಲ್ಲಿ ಅವು ನೆನೆದುಹೋದವು. ನಾನು ಅಂಗಡಿಯ ಸೂರಿನ ಕೆಳಗೆ ನಿಂತಿದ್ದೆ. ಆ ವಾಸನೆ ಮೂಗಿಗೆ ಬಡಿಯುತ್ತಲೇ ಬಲಗೈಯ ಬೆರಳುಗಳು ತಾವಾಗಿಯೇ ಮಡಿಚಿಕೊಂಡವು, ಏನನ್ನೋ ಹಿಡಿದ ಹಾಗೆ.

"ಅಗ್ಗ ಬೇಕೇನವ್ವ? ಎಷ್ಟ್ ಮಾರು ಕೊಡ್ಲಿ?" ಎಂದ ಅಂಗಡಿಯವನು.

ಹಗ್ಗ ಕೊಳ್ಳುವ ಯೋಚನೆಯೇ ನನಗಿರಲಿಲ್ಲ. ಆದರೂ ಬಾಯಿ "ಇಪ್ಪತ್ಮೂರು" ಎಂದಿತು.

ನಮ್ಮೂರ ಅಂಗನವಾಡಿಯ ಆಯಮ್ಮನನ್ನು ನಾನು ಮರೆತಿದ್ದೆನೆಂದಲ್ಲ. ಆದರೆ ಅವಳ ಹಗ್ಗದ ಲೆಕ್ಕ ಇಷ್ಟು ಚೊಕ್ಕವಾಗಿ ನಾಲಗೆಯ ತುದಿಯಲ್ಲೇ ಕುಳಿತಿದೆಯೆಂದು ಗೊತ್ತಿರಲಿಲ್ಲ…

ನಮ್ಮೂರು ಹುಣಸೂರು ತಾಲ್ಲೂಕಿನಲ್ಲಿ, ಲಕ್ಷ್ಮಣತೀರ್ಥದ ದಂಡೆಯಲ್ಲಿದೆ. ಇರುವುದು ಎರಡೇ ಬೀದಿ. ಕೆಳಗಿನ ಬೀದಿಯ ಮುಂದೆ ಹೊಳೆ, ಹಿಂದೆ ಒಂದು ಒಣ ಹಳ್ಳ. ಹಳ್ಳದ ಆಚೆ ದಿಣ್ಣೆ, ದಿಣ್ಣೆಯ ಮೇಲೆ ನಮ್ಮ ಮನೆ ಇದ್ದ ಮೇಲಿನ ಬೀದಿ. ಹಳ್ಳದ ಅಗಲ ಮೂವತ್ತೆರಡು ಹೆಜ್ಜೆ. ನಾನೇ ಅಳೆದು ಡೈರಿಯಲ್ಲಿ ಬರೆದಿದ್ದೆ. ಯಾವುದೋ ಕಾಲದಲ್ಲಿ ಹೊಳೆ ಅಲ್ಲೇ ಹರಿಯುತ್ತಿತ್ತಂತೆ. ನಾವು ಕಂಡಂತೆ ಅಲ್ಲಿ ಕಣ ಮಾಡುತ್ತಿದ್ದರು, ಹುಲ್ಲಿನ ಮೆದೆ ಒಟ್ಟುತ್ತಿದ್ದರು. ಪ್ರತಿ ವರ್ಷ ಕೊಡಗಿನಲ್ಲಿ ಮಳೆ ಹಿಡಿದಾಗ ಹೊಳೆ ಕೆಂಪಾಗಿ ಏರುತ್ತಿತ್ತು, ಇಳಿಯುತ್ತಿತ್ತು. ದಂಡೆ ದಾಟಿದ್ದನ್ನು ಕಂಡವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ.

ಅಂಗನವಾಡಿ ಇದ್ದದ್ದು ಕೆಳಗಿನ ಬೀದಿಯ ಕೊನೆಯ ಬಾಡಿಗೆ ಕೋಣೆಯಲ್ಲಿ. ಅಲ್ಲಿ ಮಕ್ಕಳನ್ನು ಕರೆತಂದು, ಉಣಿಸಿ, ಮಲಗಿಸಿ, ಮನೆ ಮುಟ್ಟಿಸುತ್ತಿದ್ದವಳು ಆಯಮ್ಮ. ಐವತ್ತರ ಆಸುಪಾಸಿನ ಒಂಟಿ ಹೆಂಗಸು. ಕೆ.ಆರ್. ನಗರದ ಕಡೆ ಹೊಳೆದಂಡೆಯ ಯಾವುದೋ ಊರಿನವಳಂತೆ. ಯಾಕೆ ಬಂದಳು, ಅಲ್ಲಿ ಯಾರಿದ್ದರು ಎಂದು ಕೇಳಿದರೆ ಮಗುವಿನ ಮೂಗು ಒರೆಸುತ್ತಲೋ ತಟ್ಟೆ ತೊಳೆಯುತ್ತಲೋ ಮಾತು ತೇಲಿಸಿಬಿಡುತ್ತಿದ್ದಳು.

ಅವಳದೊಂದು ಕಟ್ಟಳೆಯಿತ್ತು. ಅಂಗನವಾಡಿಗೆ ಸೇರುವ ಪ್ರತಿ ಮಗುವಿನ ಮನೆಯವರೂ ಒಂದು ಮಾರು ಹಗ್ಗ ಕೊಡಬೇಕು. ಎರಡು ಕೈ ಚಾಚಿದಷ್ಟು ಉದ್ದ, ಗಟ್ಟಿಯಾದ ನಾರಿನ ಹಗ್ಗ. ಅದನ್ನು ಮೊದಲಿದ್ದ ಹಗ್ಗಕ್ಕೆ ಸೇರಿಸಿ ಕಟ್ಟಿ, ನಡುವೆ ಮಗುವಿನ ಮುಷ್ಟಿಗೆ ಸಿಗುವಂಥ ಗಂಟು ಹಾಕುತ್ತಿದ್ದಳು. ಆ ಗಂಟು ಆ ಮಗುವಿನದು. ಪ್ರತಿ ಶನಿವಾರ ಅಲ್ಯೂಮಿನಿಯಂ ತಟ್ಟೆಯನ್ನು ಸೌಟಿನಿಂದ ಬಡಿಯುತ್ತಿದ್ದಳು. ಮಕ್ಕಳು ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಎದ್ದು ತಮ್ಮ ತಮ್ಮ ಗಂಟು ಹಿಡಿದು ಸಾಲಾಗಿ ಹಳ್ಳ ದಾಟಿ, ದಿಣ್ಣೆ ಹತ್ತಿ, ಅಲ್ಲಿದ್ದ ಪಾಳು ಬ್ಯಾರನ್ನಿನೊಳಗೆ ಕೂರಬೇಕು. ಹೊಗೆಸೊಪ್ಪು ಬೇಯಿಸುತ್ತಿದ್ದ ಹಳೆಯ ಕಟ್ಟಡ ಅದು. ಕಿಟಕಿಯಿಲ್ಲ. ಒಳಗೆ ಹೊಕ್ಕರೆ ಹಗಲಿನಲ್ಲೂ ಕತ್ತಲು, ಸಿಹಿ ಸಿಹಿ ಸೊಪ್ಪಿನ ಘಾಟು. ಎಂಥ ತಂಟೆಯ ಮಗುವೂ ಅಲ್ಲಿ ಸುಮ್ಮನಾಗುತ್ತಿತ್ತು. ಆಯಮ್ಮ ಆ ಕತ್ತಲಲ್ಲಿ ಹಗ್ಗದ ಮೇಲೆ ಕೈಯಾಡಿಸುತ್ತ, ಒಂದೊಂದೇ ಪುಟ್ಟ ಮುಷ್ಟಿಯನ್ನು ಮುಟ್ಟುತ್ತ ಕೊನೆಯವರೆಗೆ ಹೋಗುತ್ತಿದ್ದಳು. ಆಮೇಲೆ ಎಲ್ಲರಿಗೂ ಒಂದೊಂದು ಚೂರು ಬೆಲ್ಲ.

ಊರಿನವರು ಅದನ್ನು ಆಯಮ್ಮನ ರೈಲು ಎನ್ನುತ್ತಿದ್ದರು. "ರೈಲು ಎಷ್ಟೊತ್ತಿಗೆ ಬುಡ್ತೀಯ ಆಯಮ್ಮ, ನಮ್ಮೆಮ್ಮೆಗೂ ಒಂದ್ ಟಿಕೀಟು ಕೊಡು" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಒಂದು ಶನಿವಾರವನ್ನೂ ತಪ್ಪಿಸುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಆ ವರ್ಷ ನನಗೆ ಹದಿನೇಳು. ಎರಡನೇ ಪಿಯುಸಿ ಮುಗಿದಿತ್ತು. ಮುಂದೆ ಓದಿಸುವುದೋ ಬೇಡವೋ ಎಂದು ಅಪ್ಪ ತೀರ್ಮಾನಿಸಿರಲಿಲ್ಲ. ಗೊಬ್ಬರದ ಅಂಗಡಿಯವರು ಹಿಂದಿನ ವರ್ಷ ಅಪ್ಪನಿಗೆ ಕೊಟ್ಟಿದ್ದ ಡೈರಿಯೊಂದು ಹಾಗೇ ಬಿದ್ದಿತ್ತು. ಪ್ರತಿ ಪುಟದ ವಾರವನ್ನು ಕೆಂಪು ಶಾಯಿಯಲ್ಲಿ ಹೊಡೆದು ಸರಿಯಾದ ವಾರ ಬರೆದು, ಅದರಲ್ಲಿ ಕಂಡದ್ದನ್ನೆಲ್ಲ ಎಣಿಸಿ ಬರೆಯುವುದು ನನ್ನ ಕೆಲಸವಾಯಿತು. ಹೀಗೆಯೇ ಒಂದು ಶನಿವಾರ ಹಗ್ಗದ ಗಂಟುಗಳನ್ನೂ ಎಣಿಸಿದೆ. ಯಾವ ಗಂಟು ಯಾರ ಮನೆಯದೆಂದು ಆಯಮ್ಮನನ್ನೇ ಕೇಳಿ ಕೇಳಿ ಪಟ್ಟಿ ಮಾಡಿದೆ. ಪಟ್ಟಿಯಲ್ಲಿ ಮಕ್ಕಳು ಇಪ್ಪತ್ತೆರಡು. ಗಂಟು ಇಪ್ಪತ್ಮೂರು.

ಕೊನೆಯ ಮಾರು ಬೇರೆ ಬಣ್ಣದ್ದು. ಕಪ್ಪಗಿತ್ತು, ಹಳೆಯದು, ಬಹಳ ಕೈ ಸವೆಸಿದಂತೆ ನುಣುಪಾಗಿತ್ತು.

"ಇದ್ಯಾರ್ದು ಆಯಮ್ಮ? ಯಾರೂ ಇಡ್ಕಳಲ್ಲ ಇದ್ನ."

"ಅದು ಕಾಲಿ ಇರ್ಬೇಕು ಕಣವ್ವ" ಎಂದಳು. "ಕೈಯಾಡುಸ್ಕಂಡು ಓಯ್ತೀನಲ್ಲ, ಕೊನೆಗೆ ಅದು ಕಾಲಿ ಸಿಕ್ರೆ ಎಲ್ರೂ ಬಂದವ್ರೆ ಅಂತ. ಅಲ್ಲಿಗೆ ನನ್ ಲೆಕ್ಕ ಮುಗೀತು."

"ಅಲ್ಲೂ ಒಂದು ಕೈ ಇದ್ರೆ?"

ಆಯಮ್ಮ ನನ್ನ ಮುಖ ನೋಡಿದಳು. ಆಮೇಲೆ ಹಳ್ಳದ ಕಡೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ, ಬಿಸಿಲು ಮತ್ತು ಹುಲ್ಲಿನ ಮೆದೆ. "ಅಂಗ್ ಆಗ್ಬಾರ್ದು" ಎಂದಷ್ಟೇ ಹೇಳಿ ಹಗ್ಗ ಸುತ್ತತೊಡಗಿದಳು.

ಆಗ ಅಕ್ಕ ಬಾಣಂತನಕ್ಕೆ ಪಿರಿಯಾಪಟ್ಟಣದಿಂದ ಬಂದಿದ್ದಳು. ಅವಳ ನಾಲ್ಕು ವರ್ಷದ ಮಗಳನ್ನು ಪಾಪು ಎಂದೇ ಕರೆಯುತ್ತಿದ್ದೆವು. ಪಾಪು ಮನೆಯಲ್ಲಿ ಕೂಸಿನ ತೊಟ್ಟಿಲು ಜಗ್ಗುತ್ತಿತ್ತೆಂದು ಅಂಗನವಾಡಿಗೆ ಬಿಟ್ಟುಬರುತ್ತಿದ್ದೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ. "ಎಸ್ರು ಇಲ್ದಿದ್ರೆ ಇಲ್ಲ, ಒಂದ್ ಮಾರು ಅಗ್ಗ ತಂದ್ಕೊಡು, ಗಂಟು ಆಕ್ತೀನಿ" ಎಂದಳು ಆಯಮ್ಮ. ಅಪ್ಪನಿಗೆ ಹೇಳಿದೆ. "ಕೊಡಾನ ತಡಿ, ಸೌದೆ ಒಂದು ಮನೆ ಸೇರ್ಲಿ" ಎಂದರು. ಇನ್ನೆರಡು ಸಲ ಹೇಳಿದೆ. ನಾಲ್ಕನೆಯ ಸಲ ಹೇಳಬೇಕೆಂದು ಡೈರಿಯಲ್ಲಿ ಬರೆದುಕೊಂಡೆ, ಹೇಳಲಿಲ್ಲ. ಪಾಪು ಶನಿವಾರಗಳಲ್ಲಿ ಗಂಟಿಲ್ಲದೆ, ಆಯಮ್ಮನ ಸೆರಗು ಹಿಡಿದು ಹೋಗುತ್ತಿತ್ತು.

ಜುಲೈ ಕೊನೆಯಲ್ಲಿ ಬ್ಯಾರನ್ನುಗಳಿಗೆ ಬೆಂಕಿ ಹಾಕುವ ಕಾಲ. ಸೌದೆಯ ಲೋಡುಗಳು ಬಂದು ಬಿದ್ದವು. ಹೊರೆ ಕಟ್ಟಲು, ಗಾಡಿ ಬಿಗಿಯಲು ಎಲ್ಲರಿಗೂ ಹಗ್ಗ ಬೇಕು. ಎತ್ತಿನ ಗಾಡಿ ಇಟ್ಟಿದ್ದ ದೊಡ್ಡಪ್ಪ ಒಬ್ಬರು ಕೆಳಗಿನ ಬೀದಿಯಲ್ಲಿದ್ದರು. ನಾನು ಪಾಪುವನ್ನು ಬಿಡಲು ಹೋದಾಗ ಅಂಗನವಾಡಿಯ ಬಾಗಿಲಿಗೇ ಬಂದರು.

"ಏನಮ್ಮಣ್ಣಿ, ಯಾರಗ್ಗ ಯಾವ್ದು ಅಂತ ಡೈರಿಲಿ ಬರ್ದಿದ್ದೀಯಂತೆ. ನಮ್ದು ಯಾವ್ದು ನೋಡು."

ನನಗೆ ಹೆಮ್ಮೆಯಾಯಿತು. ಡೈರಿ ಸದಾ ಕಂಕುಳಲ್ಲೇ ಇರುತ್ತಿತ್ತು. "ನಾಕ್ನೇದು, ದೊಡ್ಡಪ್ಪ. ಒಂಬತ್ನೇದೂ ನಿಮ್ದೇ."

"ಬಿಚ್ಕತೀನಿ ಆಯಮ್ಮ. ಸೊಪ್ಪು ಬೇಯ್ಸಿ ಮುಗುದ್ ಮ್ಯಾಕೆ ತಂದ್ ಕಟ್ಬುಡ್ತೀನಿ."

"ನಿನ್ ಬ್ಯಾರನ್ ಮುಗಿಯೋಗಂಟ ಒಳೆ ಕಾಯ್ತದಾ ಗೌಡ?" ಎಂದಳು ಆಯಮ್ಮ.

ದೊಡ್ಡಪ್ಪ ನಕ್ಕುಬಿಟ್ಟರು. "ಒಳೆ ಏನ್ ನಿಂಗೆ ಕಾಗ್ದ ಬರ್ದದಾ ಬತ್ತೀನಿ ಅಂತ? ನಮ್ ತಾತ ಈ ಅಳ್ಳದಲ್ಲೇ ಕಣ ಮಾಡ್ತಿದ್ದ. ಒಂದ್ ತಂಬ್ಗೆ ನೀರು ಅರ್ದಿಲ್ಲ ಕಣಮ್ಮಿ ಇಲ್ಲಿ. ಅಗ್ಗ ಎಲ್ಗೋದದು, ಊರಲ್ಲೇ ಇರ್ತದೆ ಬುಡು."

ಅಂದು ಒಬ್ಬರು, ಮಾರನೆಯ ದಿನ ಮೂವರು. ಜುಲೈ ಮೂವತ್ತೊಂದರ ಹೊತ್ತಿಗೆ ಹದಿನಾಲ್ಕು ಮಾರು ಹೋಗಿತ್ತು. ಯಾರೂ ಜಗಳವಾಡಲಿಲ್ಲ, ಇನ್ನು ಕೊಡುವುದಿಲ್ಲ ಎನ್ನಲಿಲ್ಲ. ಎಲ್ಲರೂ ನಗುನಗುತ್ತ ಆಮೇಲೆ ಎಂದರು. ಆಯಮ್ಮ ಒಬ್ಬೊಬ್ಬರಿಗೂ ತಾನೇ ಗಂಟು ಬಿಚ್ಚಿಕೊಟ್ಟಳು. ನಾನು ಪಟ್ಟಿಯಲ್ಲಿ ಒಂದೊಂದರ ಮುಂದೂ ಅಚ್ಚುಕಟ್ಟಾಗಿ ಗುರುತು ಹಾಕಿದೆ. ಉಳಿದದ್ದು ಒಂಬತ್ತು ಗಂಟು. ಎಂಟು ಮಕ್ಕಳವು, ಒಂದು ಆ ಕಪ್ಪು ಹಗ್ಗದ್ದು. ಅದನ್ನು ಕೇಳಲು ಯಾರೂ ಬರಲಿಲ್ಲ.

ಅದೇ ದಿನಗಳಲ್ಲಿ ನಾನು ಇನ್ನೊಂದು ಲೆಕ್ಕವನ್ನೂ ಬರೆಯುತ್ತಿದ್ದೆ. ಅಂಗನವಾಡಿಯ ಪಕ್ಕದಲ್ಲೇ ಸಿಹಿನೀರಿನ ಬಾವಿ. ಎರಡು ಬೀದಿಯವರೂ ಅಲ್ಲಿಗೇ ಬರುತ್ತಿದ್ದರು. ನೀರು ಮುಟ್ಟಲು ಎಷ್ಟು ಹಗ್ಗ ಬಿಡಬೇಕೆಂದು ದಿನವೂ ಅಳೆಯುತ್ತಿದ್ದೆ. ಡೈರಿ ಈಗಲೂ ಇದೆ. ಜುಲೈ ೨೮, ಭಾನುವಾರ: ಆರು ಮಾರು. ಜುಲೈ ೩೧: ನಾಲ್ಕು. ಆಗಸ್ಟ್ ೩: ಎರಡು. ಆಗಸ್ಟ್ ೫: ಒಂದು ಮೊಳ.

ಊರಿನಲ್ಲಿ ಆ ವಾರ ಮಳೆಯೇ ಇರಲಿಲ್ಲ. ಬೀದಿಯಲ್ಲಿ ಧೂಳು ಏಳುತ್ತಿತ್ತು. ಬಾವಿ ಮಾತ್ರ ಸದ್ದಿಲ್ಲದೆ ತುಂಬುತ್ತಿತ್ತು. ಬಗ್ಗಿ ನೋಡಿದರೆ ನಮ್ಮ ಮುಖ ದಿನದಿನಕ್ಕೂ ಹತ್ತಿರ ಬರುತ್ತಿತ್ತು… ಹೆಂಗಸರಿಗೆ ಸಂಭ್ರಮ. "ಗಂಗವ್ವ ತಾನಾಗೇ ಮ್ಯಾಕೆ ಬಂದವ್ಳೆ ಕಣ್ರೇ, ಇನ್ ಸೇದೋ ಕಷ್ಟ ಇಲ್ಲ" ಎಂದು ಬಾವಿಕಟ್ಟೆಗೆ ಅರಿಸಿನ ಕುಂಕುಮ ಹಚ್ಚಿ ಹೂ ಇಟ್ಟರು. ಅಮ್ಮನೂ ಇಟ್ಟಳು.

ಆಯಮ್ಮ ಒಬ್ಬಳೇ ಪ್ರತಿದಿನ ಕೇಳುತ್ತಿದ್ದಳು, "ಇವತ್ತೆಷ್ಟವ್ವ?" ನಾನು ಹೇಳುತ್ತಿದ್ದೆ. ಸೋಮವಾರ "ಒಂದ್ ಮೊಳ" ಎಂದಾಗ ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟು, ಮನೆಮನೆಗೆ ಹೋಗಿ ಹಗ್ಗ ಕೇಳಿಬಂದಳು. ಸೌದೆ ಇನ್ನೂ ಅರ್ಧ ಹೊಲದಲ್ಲೇ ಇತ್ತು. "ನಾಳಿದ್ದು ಕೊಡ್ತೀವಿ" ಎಂದರಂತೆ. ನಮ್ಮ ಮನೆಗೂ ಬಂದಿದ್ದಳು. ಅಪ್ಪ ಇರಲಿಲ್ಲ. ಕೊಟ್ಟಿಗೆಯ ಗೂಟದಲ್ಲಿ ಎರಡು ಹೊಸ ಸಿಂಬಿ ನೇತುಹಾಕಿತ್ತು. "ಅಪ್ಪನ್ ಕೇಳಿ ನಾಳೆ ನಾನೇ ತತ್ತೀನಿ" ಎಂದೆ. ಆ ಹಗ್ಗವನ್ನು ಗೂಟದಿಂದ ತೆಗೆದುಕೊಡಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇದನ್ನು ಡೈರಿಯಲ್ಲಿ ಬರೆದಿಲ್ಲ, ಈಗ ಬರೆಯುತ್ತಿದ್ದೇನೆ.

ಆಗಸ್ಟ್ ೬, ಮಂಗಳವಾರ. ಹನ್ನೊಂದು ಗಂಟೆಯ ಸುಮಾರಿಗೆ ಕೊಡ ಹಿಡಿದು ಬಾವಿಗೆ ಹೋದೆ. ಊರಿನವರೆಲ್ಲ ಹೊಗೆಸೊಪ್ಪು ಮುರಿಯಲು ಹೊಲಕ್ಕೆ ಹೋಗಿದ್ದರು. ಒಳ್ಳೆಯ ಬಿಸಿಲು. ಬಾವಿಯ ನೀರು ಕಟ್ಟೆಯ ಸಮಕ್ಕಿತ್ತು, ಕೆಂಪಗಿತ್ತು. ಹಿಂದಿನ ದಿನ ಇಟ್ಟ ಹೂ ಅದರ ಮೇಲೆ ನಿಧಾನವಾಗಿ ಸುತ್ತುತ್ತಿತ್ತು. ಹಗ್ಗ ಬೇಡ ಎಂದು ಬರೆದುಕೊಂಡು ತಲೆಯೆತ್ತಿದೆ. ಹಳ್ಳದಲ್ಲಿ ಏನೋ ಹೊಳೆಯಿತು.

ನೀರು ಹೊಳೆಯ ಕಡೆಯಿಂದ ಬರಲಿಲ್ಲ. ನಾವು ಯಾರೂ ನೋಡದ ಹಿಂದುಗಡೆಯಿಂದ ಬಂತು. ಸದ್ದಿರಲಿಲ್ಲ. ಒಣ ನೆಲದ ಮೇಲೆ ಧೂಳನ್ನೂ ಹುಲ್ಲಿನ ಕಡ್ಡಿಗಳನ್ನೂ ಮುಂದೆ ತಳ್ಳಿಕೊಂಡು, ಚಾಪೆ ಬಿಚ್ಚಿದ ಹಾಗೆ ಬಂತು. ನೀರಿನ ಮೇಲೆ ಧೂಳು ತೇಲುತ್ತಿತ್ತು. ಹುಲ್ಲಿನ ಮೆದೆಯೊಂದು ಇದ್ದ ಹಾಗೆಯೇ ಎದ್ದು, ಒಂದು ಸುತ್ತು ತಿರುಗಿ, ಹೊರಟುಹೋಯಿತು.

ತಟ್ಟೆ ಬಡಿದ ಸದ್ದು ಕೇಳಿತು. ಮಂಗಳವಾರವಾದರೂ ಮಕ್ಕಳು ಎದ್ದು ಸಾಲು ನಿಂತವು. ಹದಿನೇಳು ಮಕ್ಕಳು, ಎಂಟು ಗಂಟು. "ಎಂಟು ಜನುನ್ನ ನೀನ್ ಮುಂದಿಡ್ಕಂಡು ಓಗು, ಬಿಟ್ಟು ಅಗ್ಗ ತಕಂಡ್ ಬಾ" ಎಂದಳು ಆಯಮ್ಮ. ಅವಳ ದನಿ ಶನಿವಾರದ ದನಿಯೇ ಆಗಿತ್ತು. ಮೊದಲ ಸಲ ನೀರು ನನ್ನ ಕಣಕಾಲಿಗಿತ್ತು. ಮಕ್ಕಳು ನಗುತ್ತ ದಾಟಿದವು. ಬ್ಯಾರನ್ನಿನಲ್ಲಿ ಕೂರಿಸಿ ಹಗ್ಗ ತೆಗೆದುಕೊಂಡು ಓಡಿಬಂದೆ.

ಎರಡನೆಯ ಸಲ ಎಂಟು ಮಕ್ಕಳು ಎಂಟು ಗಂಟು ಹಿಡಿದವು. ಉಳಿದದ್ದು ನಮ್ಮ ಪಾಪು. ನೀರು ಆಗಲೇ ನನ್ನ ತೊಡೆಗೆ ಬಂದಿತ್ತು. ಸೆರಗು ಹಿಡಿದು ಬರಲು ಆಗುವಂತಿರಲಿಲ್ಲ. ನಾನೇ ಪಾಪುವಿನ ಬೆರಳುಗಳನ್ನು ಬಿಡಿಸಿ ಆ ಕಪ್ಪು ಹಗ್ಗದ ಗಂಟಿಗೆ ಸುತ್ತಿದೆ. ಆಯಮ್ಮ ನೋಡಿದಳು.

ಮೂವತ್ತೆರಡು ಹೆಜ್ಜೆ. ನಾನು ಮುಂದೆ, ಆಯಮ್ಮ ಹಿಂದೆ. ನಡುವೆ ತಮ್ಮ ಎದೆಮಟ್ಟದ ನೀರಿನಲ್ಲಿ ಒಂಬತ್ತು ಮಕ್ಕಳು. ಒಂದೂ ಅಳಲಿಲ್ಲ, ಒಂದೂ ಕೈ ಬಿಡಲಿಲ್ಲ. ಎಷ್ಟೋ ಶನಿವಾರಗಳು ಆ ಪುಟ್ಟ ಮುಷ್ಟಿಗಳಲ್ಲಿದ್ದವು.

ದಿಣ್ಣೆಯ ಬುಡ ಹತ್ತಿದ ಮೇಲೆ ಆಯಮ್ಮ ಹಗ್ಗದ ಮೇಲೆ ಕೈಯಾಡಿಸುತ್ತ ಬಂದಳು. ಮೊದಲ ಗಂಟು, ಎರಡನೆಯದು… ಕೊನೆಯದಕ್ಕೆ ಬಂದಾಗ ಅವಳ ಕೈ ಪಾಪುವಿನ ಕೈಯ ಮೇಲೆ ನಿಂತಿತು. ಹಾಗೇ ಹಿಡಿದುಕೊಂಡಳು.

"ಇನ್ನೊಂದೈತೆ" ಎಂದಳು.

"ಇಲ್ಲ ಆಯಮ್ಮ, ಅದು ನಮ್ ಪಾಪು! ಎಲ್ರೂ ಬಂದವ್ರೆ. ಹದ್ನೇಳು. ನಾನ್ ಎಣ್ಸಿದ್ದೀನಿ."

"ಇಲ್ಲ ಕಣವ್ವ. ಕಾಲಿ ಇಲ್ಲ. ಇನ್ನೊಂದೈತೆ ಅಲ್ಲಿ."

ಆಗ ಹಳ್ಳದ ಆಚೆಯ ಅಂಗನವಾಡಿ ಕೋಣೆಯಿಂದ ತಟ್ಟೆ ಬಡಿದ ಸದ್ದು ಬಂತು. ಒಂದು ಸಲ, ತಡೆದು ಇನ್ನೊಂದು ಸಲ. ಒಳಗೆ ನುಗ್ಗಿದ ನೀರಿನಲ್ಲಿ ತಟ್ಟೆ ಗೋಡೆಗೆ ತಾಕುತ್ತಿದ್ದಿರಬೇಕು. ನಾನು ಅಂದಿನಿಂದ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ಆಯಮ್ಮ ತಿರುಗಿದಳು. ನನ್ನ ಎರಡು ಕೈಯಲ್ಲೂ ಹಗ್ಗವಿತ್ತು. ಅವಳು ಸೀರೆ ಎತ್ತಿ ಕಟ್ಟಿ, ಮಗುವೊಂದು ಕರೆದರೆ ಹೋಗುವ ಹಾಗೆ, ಅವಸರವಿಲ್ಲದೆ ನೀರಿಗಿಳಿದಳು. ಹದಿಮೂರು ಹೆಜ್ಜೆಯವರೆಗೆ ನಾನು ಎಣಿಸಿದೆ…

ಊರಿನಲ್ಲಿ ಹೋದದ್ದು ಅವಳೊಂದೇ ಜೀವ. ಕೆಳಗಿನ ಬೀದಿಯಲ್ಲಿ ಹನ್ನೊಂದು ಗೋಡೆ ಬಿದ್ದವು. ಎರಡು ದಿನದ ಮೇಲೆ ನೀರಿಳಿದಾಗ ಆಯಮ್ಮ ಸಿಕ್ಕಳು. ಆ ವಾರವೇ ಹದಿನಾಲ್ಕು ಮಾರು ಹಗ್ಗವೂ ವಾಪಸು ಬಂತು. ಯಾರೂ ಕರೆಯದೆಯೇ ಒಬ್ಬೊಬ್ಬರೂ ತಂದು ಬ್ಯಾರನ್ನಿನಲ್ಲಿ ಸೊಪ್ಪು ನೇತುಹಾಕುವ ಅಡ್ಡಗಳುವಿಗೆ ಕಟ್ಟಿಹೋದರು. ಗಾಡಿಯ ದೊಡ್ಡಪ್ಪ ಗಂಟು ಹಾಕಲು ಬಾರದೆ, ಹಗ್ಗವನ್ನು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ಕುಳಿತಿದ್ದರು. ಅಪ್ಪ ಎರಡು ಸಿಂಬಿಯನ್ನೂ ಗಂಟು ಹಾಕದೆ ಹಾಗೇ ಕೊಟ್ಟರು.

ಮುಂದಿನ ಎರಡು ವರ್ಷ ಶನಿವಾರಗಳು ನಡೆದವು. ಆಮೇಲೆ ಅಂಗನವಾಡಿಗೆ ಹೊಸ ಕೋಣೆ ಎದ್ದಿತು, ಅದೇ ಜಾಗದಲ್ಲಿ. ಬೇರೆ ಕಡೆ ಜಾಗವಿರಲಿಲ್ಲವಂತೆ. ಹಳ್ಳದಲ್ಲಿ ಮತ್ತೆ ಕಣ ಮಾಡಿದರು. ನಾನು ಓದಿ, ಎಚ್.ಡಿ. ಕೋಟೆಯ ಕಡೆ ಶಾಲೆಯಲ್ಲಿ ಪಾಠ ಹೇಳತೊಡಗಿದ ಮೇಲೂ ಊರಿಗೆ ಹೋದಾಗಲೆಲ್ಲ ಬ್ಯಾರನ್ನಿಗೆ ಹೋಗಿ ಗಂಟು ಎಣಿಸುತ್ತಿದ್ದೆ. ಇಪ್ಪತ್ಮೂರು. ಹದಿನೇಳು. ಒಂಬತ್ತು. ನಾಲ್ಕು. ಸೌದೆಯ ಕಾಲಕ್ಕೆ ಒಬ್ಬೊಬ್ಬರಾಗಿ ಬಿಚ್ಚಿಕೊಂಡಿದ್ದರು. ಆಮೇಲೆ ತಂದು ಕಟ್ಟುವವರೇ ಎಲ್ಲರೂ. ಕಳೆದ ಸಲ ಹೋದಾಗ ಆ ಕಪ್ಪು ಮಾರು ಒಂದೇ ನೇತಾಡುತ್ತಿತ್ತು. ಬ್ಯಾರನ್ನಿಗೆ ಕಿಟಕಿಯಿಲ್ಲ, ಒಳಗೆ ಗಾಳಿ ಬರುವುದಿಲ್ಲ. ಆದರೂ ಅದು ಸಣ್ಣಗೆ ಅಲುಗುತ್ತಿತ್ತು.

ಪಾಪು ಈಗ ಹತ್ತನೇ ತರಗತಿ. ಆ ದಿನದ ಬಗ್ಗೆ ಅವಳೆದುರು ನಾವು ಮಾತಾಡುವುದಿಲ್ಲ. ಹೋದ ಬೇಸಿಗೆಯಲ್ಲಿ ತಾನಾಗಿಯೇ ಹೇಳಿದಳು. "ಚಿಕ್ಕಮ್ಮ, ಅವತ್ತು ನೀರು ಅಷ್ಟೊಂದು ತಣ್ಣಗಿತ್ತಲ್ಲ. ಆ ಗಂಟು ಮಾತ್ರ ಬೆಚ್ಚಗಿತ್ತು ಕಣೆ. ಆಗ್ಲೇ ಯಾರೋ ಹಿಡ್ಕೊಂಡಿದ್ದಂಗೆ." ಡೈರಿಯಲ್ಲಿ ತಾರೀಕು ಮಾತ್ರ ಬರೆದೆ.

ಹ್ಯಾಂಡ್‌ಪೋಸ್ಟ್‌ನಲ್ಲಿ ಕೊಂಡ ಹಗ್ಗ ಬಾಡಿಗೆ ಮನೆಯ ಬಾಗಿಲ ಹಿಂದೆ ಒಣಗಿ, ವಾಸನೆ ಕಳೆದುಕೊಂಡು, ತಿಂಗಳಿನಿಂದ ಕುಳಿತಿದೆ. "ಭಾನುವಾರ ಊರಿಗೆ, ಹಗ್ಗ" ಎಂದು ಡೈರಿಯಲ್ಲಿ ನಾಲ್ಕು ಸಲ ಬರೆದಿದ್ದೇನೆ. ಒಂದು ಭಾನುವಾರ ಬಟ್ಟೆ ಒಗೆಯುವುದಿತ್ತು. ಒಂದು ಭಾನುವಾರ ಮದುವೆ. ಉಳಿದೆರಡಕ್ಕೆ ಕಾರಣವನ್ನೂ ಬರೆದಿಲ್ಲ.

ನಿನ್ನೆ ಸಂಜೆ ಅಮ್ಮ ಫೋನು ಮಾಡಿದ್ದಳು. ಅದೂ ಇದೂ ಮಾತಾಡಿ ಕೊನೆಯಲ್ಲಿ ಹೇಳಿದಳು: "ಮಳೆ ಇಲ್ಲ ಕಣವ್ವ ಇಲ್ಲಿ. ಆದ್ರೂ ಬಾವಿ ನೀರು ಮ್ಯಾಕ್ ಬಂದದೆ. ಎಲ್ಡೇ ಮಾರು. ಈ ಸತಿ ಸೇದಾಕೆ ಸುಖ."

ಇವತ್ತು ಭಾನುವಾರವಲ್ಲ, ಗುರುವಾರ. ಶಾಲೆಗೆ ರಜೆ ಹೇಳಿ, ಹ್ಯಾಂಡ್‌ಪೋಸ್ಟ್‌ನ ಅದೇ ಅಂಗಡಿಯ ಸೂರಿನ ಕೆಳಗೆ ಹುಣಸೂರಿನ ಬಸ್ಸಿಗೆ ಕಾಯುತ್ತ, ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ಗಂಟು ಹಾಕುತ್ತಿದ್ದೇನೆ. ಅಂಗನವಾಡಿಯಲ್ಲಿ ಈಗ ಹತ್ತೊಂಬತ್ತು ಮಕ್ಕಳಂತೆ. ಫೋನಿನಲ್ಲೇ ಅಮ್ಮನನ್ನು ಕೇಳಿಕೊಂಡೆ. ಹತ್ತೊಂಬತ್ತು ಗಂಟು ಹಾಕಿ ಮುಗಿಸಿದ್ದೇನೆ. ಅದರಾಚೆ ಖಾಲಿ ಇರಬೇಕಾದವು ಎರಡು. ಒಂದು ಮೊದಲಿನಿಂದಲೂ ಇದ್ದದ್ದು. ಇನ್ನೊಂದು ಆಯಮ್ಮನಿಗೆ.